ಚೀನಾ ಯಂತ್ರ, ನಮ್ಮ ಗೂಡು
ರೇಷ್ಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ಬಿತ್ತು ಅಂತ ಕೇಳ್ತಾ ಬಂದಿದ್ದೇವೆ. ಈಗ ಚೀನಾ ಯಂತ್ರ ಬಂದಿದ್ದರಿಂದಲೇ ಬಿಳಿ ಗೂಡಿಗೆ ಒಳ್ಳೆ ರೇಟು ಅಂತಾರೆ. ಯಾವುದು ನಿಜ ಸಾರ್? ಮಿಶ್ರತಳಿ (ಹಳದಿ ಗೂಡಿನ ಹುಳು) ಬಿಟ್ಟು ದ್ವಿತಳಿ (ಬಿಳಿ ಗೂಡಿನ ಹುಳು) ಮೇಯಿಸಬಹುದೇ?
– ಬೆಳೆಗಾರರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಎರಡೂ ನಿಜ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು, ಗೂಡಿನ ಬೆಲೆ ಕುಸಿಯಿತು. (2021ರಲ್ಲಿ ಸುಂಕ ಶೇ 15ಕ್ಕೆ ಏರಿತು.) ಆ ಚೀನಾ ನೂಲಿಗೆ ಸರಿಸಾಟಿ ನೂಲು ತೆಗೆಯುವ ಆಟೋಮ್ಯಾಟಿಕ್ ರೀಲಿಂಗ್ ಯಂತ್ರವೂ ಚೀನಾದಿಂದಲೇ ಬಂತು. ಅದರ ಹೊಟ್ಟೆ ಎಷ್ಟು ದೊಡ್ಡದು ಲೆಕ್ಕ ಹಾಕಿ. 400 ಎಳೆಯ ಯಂತ್ರ ನಿಮಿಷಕ್ಕೆ 150 ಮೀಟರಿನಂತೆ 20/22 ಡೆನಿಯರ್ (9,000 ಮೀಟರಿಗೆ 20–22 ಗ್ರಾಂ ತೂಗುವ) ನೂಲು ಸುತ್ತಿದರೆ, ನಿಂತು ಹೋಗುವ ಹೊತ್ತು ಕಳೆದು, 8 ಗಂಟೆಗೆ ಸುಮಾರು 54 ಕೆ.ಜಿ. ನೂಲು. ಕಿಲೋ ನೂಲಿಗೆ ಆರೂವರೆ ಕಿಲೋ ಗೂಡು ಹಿಡಿದರೆ ಒಂದೇ ಪಾಳಿಗೆ 350 ಕೆ.ಜಿ. ಗೂಡು ಬೇಕು. ನೂರು ಮೊಟ್ಟೆಗೆ (ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು) 70 ಕೆ.ಜಿ. ತೆಗೆಯುವ ಐದು ಮನೆಯ ಬೆಳೆ ಅದು. ಐದೂ ಮನೆಯ ಗೂಡು ಒಂದೇ ಗಾತ್ರ, ಒಂದೇ ಗಟ್ಟಿ ಇರಬೇಕು. ಅದು ಸಿಗುವುದು ಬಿಳಿ ದ್ವಿತಳಿ ಗೂಡಿನಲ್ಲಿ, ಅದಕ್ಕೇ ಆ ರೇಟು. ನೂಲು ತೆಗೆಯುವ ಚರಕದ ಮುಂದೆ ಕೂತವರು ತೆಳು ಗೂಡನ್ನು ಕೈಯಲ್ಲೇ ಸಂಭಾಳಿಸುತ್ತಾರೆ. ಯಂತ್ರಕ್ಕೆ ಆ ಕಣ್ಣಿಲ್ಲ. ಎಳೆ ಕಡಿದು ಕಡಿದು ನಿಲ್ಲುತ್ತದೆ, ಹಾಗಾಗಿ ಯಂತ್ರದವರು ಅಂಥ ಲಾಟಿಗೆ ಹರಾಜಿನಲ್ಲಿ ಬೆಲೆ ಹಾಕುವುದೇ ಇಲ್ಲ.

ದ್ವಿತಳಿಗೆ ಹೋಗಬಹುದು, ಆದರೆ ಮೊದಲು ಹುಳು ಮನೆ ಸರಿಮಾಡಿಕೊಳ್ಳಿ. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ, ತೇವ ಶೇ 65–70 ಇರಬೇಕು. ತಗಡಿನ ಮಾಡಿನಡಿ ಏಪ್ರಿಲ್‌ನಲ್ಲಿ ಇದು ಆಗದ ಮಾತು. ಶಾಖಕ್ಕೆ ಮಿಶ್ರತಳಿ ತಡೆದೀತು, ದ್ವಿತಳಿ ಹಾಲುತೊಂಡೆಗೋ ಸಪ್ಪೆ ರೋಗಕ್ಕೋ ಸಿಕ್ಕಿಬೀಳುತ್ತದೆ. ಅದಕ್ಕೇ ಮಾರ್ಚ್‌ನಿಂದ ಮೇವರೆಗೆ ಮಿಶ್ರತಳಿ, ಮಳೆ ಹಿಡಿದ ಮೇಲೆ ದ್ವಿತಳಿ ಎನ್ನುವ ಹಂಚಿಕೆಯೇ ವಾಸಿ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪಿನಲ್ಲಿ ಕೈಬಿಗಿ ಮಾಡಬೇಡಿ. ಬೆಳೆಗೆ ಬೇಕಾದ ಒಟ್ಟು ಸೊಪ್ಪಿನ ಶೇ 80ಕ್ಕೂ ಹೆಚ್ಚು ತಿನ್ನುವುದು ಆಗಲೇ. ನೂರು ಮೊಟ್ಟೆಯ ಹುಳುವಿಗೆ 600–700 ಚದರ ಅಡಿ ಹಾಸು ಬಿಡಿ.

ಹೆಚ್ಚಿನವರ ಗೂಡು ಕೆಡುವುದು ಚಂದ್ರಿಕೆಯಲ್ಲಿ, ಅಂದರೆ ಹುಳು ಗೂಡು ಕಟ್ಟಲು ಬಿಡುವ ತಟ್ಟೆಯಲ್ಲಿ. 6×4 ಅಡಿಯ ಚಂದ್ರಿಕೆಗೆ ಸಾವಿರ ಹಣ್ಣು ಹುಳು (ಗೂಡು ಕಟ್ಟಲು ಸಿದ್ಧವಾದವು) ಮೀರಿದರೆ ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡು ಗ್ಯಾರಂಟಿ. ಹುಳು ಗೂಡು ಕಟ್ಟುವ ಮುನ್ನ ಉಚ್ಚೆ ಹೊಯ್ಯುತ್ತದೆ. ಗಾಳಿಯಾಡದಿದ್ದರೆ ಆ ತೇವಕ್ಕೆ ಗೂಡಿನ ಅಂಟು ಗಟ್ಟಿಯಾಗಿ ಎಳೆ ಸಲೀಸಾಗಿ ಬಿಚ್ಚದು. ಗೂಡು ಬಿಡಿಸುವುದೂ ಮಿಶ್ರತಳಿಯ ಹಾಗೆ ಹುಳುವನ್ನು ಚಂದ್ರಿಕೆಗೆ ಬಿಟ್ಟ ಐದನೇ ದಿನಕ್ಕಲ್ಲ, ಆರು–ಏಳನೇ ದಿನಕ್ಕೆ. ಅವಸರಪಟ್ಟರೆ ಒಳಗಿನ ಇನ್ನೂ ಬಲಿಯದ ಕೋಶ (ಪ್ಯೂಪಾ) ಒಡೆದು ಗೂಡು ಕಲೆಯಾಗುತ್ತದೆ, ಒಂದು ಕಲೆ ಗೂಡು ಅಕ್ಕಪಕ್ಕದ ಹತ್ತನ್ನು ಕೆಡಿಸುತ್ತದೆ.

ಪ್ರಶ್ನೆ: ನಮ್ಮ ಪವರ್‌ಲೂಮ್‌ನಲ್ಲಿ ಊರಿನ ನೂಲನ್ನು ಹಾಸಿಗೆ (ಬಟ್ಟೆಯ ಉದ್ದೆಳೆಗೆ) ಹಾಕಿದರೆ ಕಡಿಯುತ್ತದೆ. ಚೀನಾ ನೂಲೇ ಗತಿಯೇ?
– ಮಗ್ಗದವರು, ದೊಡ್ಡಬಳ್ಳಾಪುರ

ಉತ್ತರ: ಚರಕದ ನೂಲಿನ ದಪ್ಪ ಒಂದೇ ಸಮ ಇರದು, ಹಾಸಿನ ಜಗ್ಗಾಟ ಅದಕ್ಕೆ ತಾಳದು. ಅದನ್ನು ಹೊಕ್ಕಿಗೆ (ಅಡ್ಡೆಳೆಗೆ) ಹಾಕಿ. ಹಾಸಿಗೆ ನಮ್ಮಲ್ಲೇ ಯಂತ್ರದಲ್ಲಿ ತೆಗೆದ ದ್ವಿತಳಿ ನೂಲು ಸಿಗುತ್ತದೆ. ದೊಡ್ಡ ಲಾಟು ಕೊಳ್ಳುವ ಮೊದಲು ಬೆಂಗಳೂರಿನ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಮಾಡಿಸಿ, ಸುತ್ತುವಾಗಿನ ಕಡಿತದ ಲೆಕ್ಕ ಕೇಳಿ. ಹೊಳಪು ನೋಡಿ ಕೊಂಡರೆ ಮೋಸ.

ಪ್ರಶ್ನೆ: ಮೊಬೈಲ್‌ನಲ್ಲಿ ದಿನದ ದರ ನೋಡಿಕೊಂಡು, ಏರಿದ ದಿನ ಗೂಡು ಒಯ್ದರೆ ಆಗದೇ?
– ಕನಕಪುರ

ಉತ್ತರ: ದರ ಕಾಯಬಹುದು, ಗೂಡು ಕಾಯದು. ಒಳಗಿನ ಕೋಶಕ್ಕೆ ಜೀವವಿದೆ, ದಿನದಿನಕ್ಕೂ ತೂಕ ಇಳಿಯುತ್ತದೆ, ಬಿಡಿಸಿದ ವಾರದ ಆಚೆಈಚೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿ ಇಡುವ ಸೌಕರ್ಯ ನೂಲು ತೆಗೆಯುವ ರೀಲರ್ ಬಳಿ ಇದ್ದೀತು, ಬೆಳೆಗಾರರ ಮನೆಯಲ್ಲಿಲ್ಲ. ಫೋನಿನ ದರದಿಂದ ಒಂದು ಉಪಯೋಗ ಉಂಟು: ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಎಂದು ತೀರ್ಮಾನಿಸುವುದು. ಆಗ ಗರಿಷ್ಠ ದರ ನೋಡಬೇಡಿ, ಅದು ಯಾವುದೋ ಒಂದು ಲಾಟಿನದು. ನಿಮ್ಮ ತಳಿಯ ಸರಾಸರಿ ನೋಡಿ, ಬಾಡಿಗೆ ಕಳೆಯಿರಿ. ಗೂಡನ್ನು ಗೋಣಿಯಲ್ಲಿ ಅದುಮದೆ ಸಡಿಲವಾಗಿ ಬಲೆ ಚೀಲದಲ್ಲಿ ತುಂಬಿ, ರಾತ್ರಿಯ ತಂಪಿನಲ್ಲಿ ಹೊರಡಿ.