ಕುಂದಾಪುರ ಊಟಕ್ಕೆ ಇಳಿಯುವ ಊರು ಮಾತ್ರವೇ?

ಉಡುಪಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಕುಂದಾಪುರಕ್ಕೆ ಒಂದು ದಿನ ಕೊಡಬಹುದೇ, ಊಟ ಮುಗಿಸಿ ಹೊರಟರೆ ಸಾಕೇ ಎಂದು ಕೇಳಿದ್ದೀರಿ. ನಾನು ಇದೇ ಊರಿನವನು, ಪಕ್ಷಪಾತ ಇದ್ದೇ ಇರುತ್ತದೆ. ಆದರೂ ಹೇಳುತ್ತೇನೆ, ಒಂದು ರಾತ್ರಿ ಉಳಿಯಿರಿ. ಕಡಲು ಎಲ್ಲರಿಗೂ ಕಾಣುತ್ತದೆ. ಅವಸರದವರಿಗೆ ತಪ್ಪಿಹೋಗುವುದು ಇಲ್ಲಿನ ಹೊಳೆ.

ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಸಂಜೆ ಕೋಡಿಯ ಸೀವಾಕ್ ತುದಿಯವರೆಗೂ ನಡೆಯಿರಿ. ಮೀನು ತುಂಬಿಕೊಂಡು ಬರುವ ದೋಣಿ ಅಳಿವೆಯ ಬಾಯಿಯಲ್ಲಿ ಮೂತಿ ಎತ್ತಿ ಒಂದೆರಡು ಅಲೆ ಹಾರುತ್ತದೆ. ಒಳಗೆ ಬಂದೊಡನೆ ಕುಲುಕಾಟ ನಿಂತು ಇಂಜಿನ್ನಿನ ಸದ್ದೂ ತಗ್ಗುತ್ತದೆ. ಎದುರು ದಡದ ಗಂಗೊಳ್ಳಿ ಕೂಗಳತೆಯಲ್ಲಿದೆ ಅನ್ನಿಸುತ್ತದೆ, ಆದರೆ ಕಾರಿನಲ್ಲಿ ಹೆಮ್ಮಾಡಿ, ತ್ರಾಸಿ ಸುತ್ತಿಯೇ ಹೋಗಬೇಕು. ಜೂನ್, ಜುಲೈನಲ್ಲಿ ಬಂದರೆ ಈ ದೋಣಿಗಳು ಕಾಣುವುದಿಲ್ಲ, ಯಾಂತ್ರಿಕ ಮೀನುಗಾರಿಕೆಗೆ ಆಗ ನಿಷೇಧ.

ಮರವಂತೆಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ. ನೀವು ಬೆಳಿಗ್ಗೆ ಹೋಗಿ, ಕಡಲಿಗೆ ಬೆನ್ನು ಹಾಕಿ ನಿಲ್ಲಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಕೊಲ್ಲೂರಿನಿಂದ ಇಳಿದು ಇಷ್ಟು ಹತ್ತಿರ ಬಂದ ಹೊಳೆ, ಬಾಗಿಲವರೆಗೆ ಬಂದು ಮುನಿಸಿಕೊಂಡ ನೆಂಟನಂತೆ ತಿರುಗಿ, ಸುಮಾರು ಹತ್ತು ಕಿಲೋಮೀಟರ್ ಹರಿದ ಮೇಲಷ್ಟೇ ಕಡಲಿಗೆ ಸೇರುತ್ತದೆ. ಬಿಸಿಲೇರುವ ಮೊದಲು ಅದರ ಕುದ್ರುಗಳ, ಅಂದರೆ ಹೊಳೆ ನಡುವಿನ ದ್ವೀಪಗಳ, ತೆಂಗಿನ ಸಾಲು, ಅದರ ಹಿಂದೆ ಘಟ್ಟದ ನೀಲಿ ಗೆರೆ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ಇಲ್ಲಿ ಸಮುದ್ರಕ್ಕೆ ಇಳಿಯಲೇಬೇಡಿ. ದಡದ ಬಂಡೆಗಳು ಜಾರುತ್ತವೆ, ಸೆಳೆತ ಬಲವಾಗಿರುತ್ತದೆ.

ಇತಿಹಾಸದ ಹುಚ್ಚಿದ್ದರೆ ಬಸ್ರೂರಿಗೆ ಹೋಗಿ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದೋಚಿದ ಬಂದರು ಅದು. ಈಗ ಅಲ್ಲಿ ಅಂಥ ಗಡಿಬಿಡಿಯ ಸುಳಿವೂ ಇಲ್ಲ, ಹಳೆಯ ದೇವಸ್ಥಾನಗಳು ಮತ್ತು ಹೊಳೆಬದಿ ಮಾತ್ರ. ಆನೆಗುಡ್ಡೆ ಗಣಪತಿಯನ್ನು ಉಡುಪಿಯಿಂದ ಬರುವಾಗಲೇ ನೋಡಿಬಿಡಿ, ಹೆದ್ದಾರಿಗೆ ಹತ್ತಿರ.

ಊಟದ ವಿಚಾರ: ಕೋಳಿ ಗೀ ರೋಸ್ಟ್ ಹುಟ್ಟಿದ್ದೇ ಇಲ್ಲಿ. ಬ್ಯಾಡಗಿ ಮೆಣಸು, ತುಪ್ಪ ಎರಡಕ್ಕೂ ಕೈ ಹಿಡಿಯದೆ ಮಾಡುವ ಅಡುಗೆ, ಜೊತೆಗೆ ನೀರುದೋಸೆ ಹೇಳಿ. ರೈಲಿನಲ್ಲಿ ಬರುವ ಯೋಚನೆಯಿದ್ದರೆ ನೆನಪಿಡಿ, ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಉಡುಪಿಯಿಂದಾದರೆ ಬಸ್ಸೇ ಸಲೀಸು.