ಉದಾರವಾದದ ಮೇಲಿನ ಸಿಟ್ಟೆಲ್ಲ ಕ್ರೈಸ್ತವೇ?

ಪ್ರಶ್ನೆ: ರಷ್ಯಾದ ರಾಜಕೀಯ ಚಿಂತಕ ಅಲೆಕ್ಸಾಂಡರ್ ಡುಗಿನ್ ಅವರ ಬರಹ ಓದುತ್ತಿದ್ದೇನೆ. ಉದಾರವಾದವು ಮನುಷ್ಯನನ್ನು ಮನೆ, ಊರು, ದೇವರಿಂದ ಬಿಡಿಸಿ ಒಂಟಿಯಾಗಿಸಿತು ಎಂಬ ಮಾತು ಕ್ರೈಸ್ತನಾದ ನನಗೆ ನಿಜವೆನಿಸುತ್ತದೆ. ಅವರ ವಾದವನ್ನು ಪೂರ್ತಿ ಒಪ್ಪಬಹುದೇ?

ಉತ್ತರ: ಒಂಟಿತನದ ಮಾತನ್ನು ಒಪ್ಪಿ. ಮುಂದಿನದನ್ನು ಒಪ್ಪುವುದು ಕಷ್ಟ.

2009ರ ಪುಸ್ತಕದಲ್ಲಿ ಡುಗಿನ್ ಉದಾರವಾದ, ಕಮ್ಯುನಿಸಂ, ಫ್ಯಾಸಿಸಂ ಮೂರನ್ನೂ ಬದಿಗಿಟ್ಟು ನಾಲ್ಕನೆಯದೊಂದು ಸಿದ್ಧಾಂತ ಹೂಡುತ್ತಾರೆ. ಅದರ ನಡುವೆ ನಿಲ್ಲುವುದು ಬಿಡಿ ಮನುಷ್ಯನಲ್ಲ, ವರ್ಗವಲ್ಲ. ಜರ್ಮನ್ ತತ್ವಜ್ಞಾನಿ ಹೈಡೆಗರ್‌ನಿಂದ ಪಡೆದ ‘ಡಾಜೈನ್’, ಅಂದರೆ ಇರವು. ಡುಗಿನ್ ಕೈಯಲ್ಲಿ ಅದು ಒಂದು ಜನತೆಯ, ಒಂದು ನಾಗರಿಕತೆಯ ಇರವಾಗುತ್ತದೆ. ಎಡವುವುದು ಇಲ್ಲೇ. ಒಂದೊಂದು ನಾಗರಿಕತೆಗೂ ಅದರದರದೇ ಸತ್ಯವೆಂದರೆ ಸುವಾರ್ತೆ ರಷ್ಯಾದ ಒಂದು ಸಂಪ್ರದಾಯವಾಗಿ ಉಳಿಯುತ್ತದೆ, ಅಷ್ಟೇ. ಯೆಹೂದ್ಯ, ಗ್ರೀಕ ಎಂಬ ಭೇದವಿಲ್ಲವೆನ್ನುವ ಬೈಬಲಿನ ಗಲಾತ್ಯ 3:28ಕ್ಕೆ ಅಲ್ಲಿ ಜಾಗವೆಲ್ಲಿ? ಜನಾಂಗವನ್ನು ಸಭೆಯ, ಅಂದರೆ ಚರ್ಚಿನ, ಅಳತೆಗೋಲಾಗಿಸುವ ಈ ದೋಷವನ್ನು ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರೇ ‘ಫೈಲೆಟಿಸಂ’ ಎಂದು ಕರೆದು 1872ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಖಂಡಿಸಿದ್ದರು.

‘ಸೊಬೋರ್ನೊಸ್ತ್’ ಎಂಬ ರಷ್ಯನ್ ಪದ ಎದುರಾದಾಗಲೂ ನಿಂತು ನೋಡಿ. ಹತ್ತೊಂಬತ್ತನೇ ಶತಮಾನದ ರಷ್ಯನ್ ಚಿಂತಕ ಖೊಮ್ಯಾಕೊವ್ ಅವರ ಚಿಂತನೆಯಿಂದ ಬೆಳೆದ ಈ ಪದ ಹೇಳುವುದು ಸಭೆಯ ಬಗ್ಗೆ: ಒತ್ತಾಯವಿಲ್ಲದೆ, ಪ್ರೀತಿಯಿಂದ ಕೂಡಿದ ಒಗ್ಗಟ್ಟು. ಅದನ್ನು ಎತ್ತಿ ಸರ್ಕಾರಕ್ಕೆ ಅಂಟಿಸಿದರೆ ಉಳಿಯುವುದು ಒತ್ತಾಯ ಮಾತ್ರ, ಏಕೆಂದರೆ ಸರ್ಕಾರದ ಕೈಯಲ್ಲಿ ಪೊಲೀಸರಿದ್ದಾರೆ, ಸೆರೆಮನೆಯಿದೆ.

ನಿಮಗೆ ನಿಜಕ್ಕೂ ನೆರವಾಗುವವರು ಬೆರ್ಡಿಯಾಯೆವ್. 1922ರಲ್ಲಿ ಬೊಲ್ಶೆವಿಕರು ಗಡೀಪಾರು ಮಾಡಿದ ಈ ಚಿಂತಕರು ‘ಬಿಡಿ ಜೀವಿ’ ಬೇರೆ, ‘ಲಿಚ್ನೊಸ್ತ್’ ಬೇರೆ ಎನ್ನುತ್ತಾರೆ. ಬಿಡಿ ಜೀವಿ ಸಮಾಜದ ಒಂದು ತುಣುಕು. ಲಿಚ್ನೊಸ್ತ್ ಎಂದರೆ ದೇವರ ಸ್ವರೂಪ ಹೊತ್ತ ವ್ಯಕ್ತಿ; ರಾಷ್ಟ್ರವೂ ಅವನನ್ನು ತನ್ನ ಬಿಡಿಭಾಗ ಮಾಡಿಕೊಳ್ಳುವಂತಿಲ್ಲ. ಓದುವಾಗ ಪೆನ್ಸಿಲ್ ಹಿಡಿದಿರಿ. ‘ವ್ಯಕ್ತಿವಾದ ತಪ್ಪು’ ಎನ್ನುವ ವಾದ ಸದ್ದಿಲ್ಲದೆ ‘ವ್ಯಕ್ತಿ ಮುಖ್ಯನಲ್ಲ’ ಎಂದು ಜಾರುವ ಸಾಲಿಗೆ ಗುರುತು ಹಾಕಿ.

ಕಾನೂನಿನ ವಿಷಯದಲ್ಲೂ ಹೀಗೆಯೇ. ರಷ್ಯನ್ ತತ್ವಜ್ಞಾನಿ ಸೊಲೊವ್ಯೋವ್ 1897ರಲ್ಲೇ ಬರೆದರು: ಕಾನೂನಿನ ಕೆಲಸ ಲೋಕವನ್ನು ದೇವರ ರಾಜ್ಯವಾಗಿಸುವುದಲ್ಲ, ಕಾಲಕ್ಕೆ ಮೊದಲೇ ನರಕವಾಗದಂತೆ ತಡೆಯುವುದು. ಬರೀ ಕಾನೂನಿನ ಅಳತೆಯಲ್ಲಿ ಬದುಕುವ ಪಶ್ಚಿಮವನ್ನು 1978ರ ಹಾರ್ವರ್ಡ್ ಭಾಷಣದಲ್ಲಿ ಟೀಕಿಸಿದ ರಷ್ಯನ್ ಲೇಖಕ ಸೊಲ್ಜೆನಿತ್ಸಿನ್ ಕೂಡ, ಕಾನೂನೇ ಇಲ್ಲದ ಸಮಾಜ ಭಯಂಕರವೆಂದು ಮೊದಲು ಹೇಳಿಯೇ ಮುಂದುವರಿದರು. ಡುಗಿನ್‌ರನ್ನು ಸದ್ಯಕ್ಕೆ ಮುಚ್ಚಿಟ್ಟು ಆ ಭಾಷಣದಿಂದ ಶುರು ಮಾಡಿ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಆಮೇಲೆ ಬೆರ್ಡಿಯಾಯೆವ್, ಸೊಲೊವ್ಯೋವ್. ಡುಗಿನ್ ಕೊನೆಗೆ.