ಹದಿನೆಂಟು ತುಂಬುವ ಮಗ ಮತ್ತು ಪಾಲಕತ್ವದ ಅರ್ಜಿ

ಪ್ರಶ್ನೆ: ನಮ್ಮ ಮಗನಿಗೆ ಇನ್ನು ಐದು ತಿಂಗಳಲ್ಲಿ 18 ವರ್ಷ ತುಂಬುತ್ತದೆ. ಅವನಿಗೆ ಶೇ. 75ರಷ್ಟು ಬೌದ್ಧಿಕ ಅಂಗವೈಕಲ್ಯವಿದೆ ಎಂದು ಯುಡಿಐಡಿ (ಅಂಗವೈಕಲ್ಯದ ವಿಶಿಷ್ಟ ಗುರುತಿನ) ಕಾರ್ಡಿನಲ್ಲಿ ನಮೂದಾಗಿದೆ. ಈಗ ವಿಶೇಷ ಶಾಲೆಯೊಂದಕ್ಕೆ ಹೋಗಿಬರುತ್ತಿದ್ದಾನೆ. ನನಗೂ ಯಜಮಾನರಿಗೂ ವಯಸ್ಸಾಗುತ್ತಿದೆ. ಈಗಲೇ ಸರ್ಕಾರಿ ವಸತಿ ಸಂಸ್ಥೆಗೆ ಸೇರಿಸಿಬಿಡಿ, ಇಲ್ಲವಾದರೆ ಮಾನಸಿಕ ಆಸ್ಪತ್ರೆಯಲ್ಲಾದರೂ ವಿಚಾರಿಸಿ ಎಂದು ಮೈದುನ ಹೇಳುತ್ತಿದ್ದಾರೆ. ನಾವು ಏನು ಮಾಡಬೇಕು?
– ಒಬ್ಬ ತಾಯಿ, ಕಾಪು

ಉತ್ತರ: ಮೊದಲು ಆಸ್ಪತ್ರೆಯ ಮಾತನ್ನು ಬದಿಗಿಡೋಣ. ಬೌದ್ಧಿಕ ಅಂಗವೈಕಲ್ಯವು ಮಾನಸಿಕ ಕಾಯಿಲೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಕಾಯಿಲೆಯ ವ್ಯಾಖ್ಯೆಯಿಂದಲೇ ಇದನ್ನು ಹೊರಗಿಟ್ಟಿದೆ. ನಿಮ್ಮ ಮೈದುನರು ಕಾಳಜಿಯಿಂದಲೇ ಹೇಳಿರಬಹುದು, ಆದರೆ ಆ ದಾರಿ ನಿಮ್ಮದಲ್ಲ.

ವಸತಿ ಸಂಸ್ಥೆಗಿಂತ ಮೊದಲು ಆಗಬೇಕಾದ ಕೆಲಸವೊಂದಿದೆ, ಮತ್ತು ನಮ್ಮ ಕಡೆಯ ಬಹಳಷ್ಟು ಹೆತ್ತವರು ಅದನ್ನು ಮುಂದೂಡುತ್ತಲೇ ಇರುತ್ತಾರೆ. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ಅವನು ವಯಸ್ಕ. ಅವನ ಪರವಾಗಿ ಸಹಿ ಹಾಕುವ ಅಧಿಕಾರ ಹೆತ್ತವರೆಂಬ ಕಾರಣಕ್ಕೇ ನಿಮ್ಮಲ್ಲಿ ಉಳಿಯುವುದಿಲ್ಲ. ಇದು ಗೊತ್ತಾಗುವುದು ಹೆಚ್ಚಾಗಿ ಬ್ಯಾಂಕಿನ ಕೌಂಟರಿನ ಮುಂದೆ, ಇಲ್ಲವೇ ಜಾಗದ ಪಾಲುಪಟ್ಟಿ ಮಾಡುವ ಹೊತ್ತಿಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ ರೂಪಿಸಿದ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಇದಕ್ಕೆ ಕೋರ್ಟಿಗೆ ಅಲೆಯಬೇಕಿಲ್ಲದ ವ್ಯವಸ್ಥೆಯೊಂದನ್ನು ಮಾಡಿದೆ. ಜಿಲ್ಲಾಧಿಕಾರಿ, ಟ್ರಸ್ಟಿನಲ್ಲಿ ನೋಂದಾಯಿತವಾದ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು, ಅಂದರೆ ವಯಸ್ಕನಾದ ಮೇಲೂ ಅವನ ಪರವಾಗಿ ವ್ಯವಹರಿಸುವ ಅಧಿಕಾರವುಳ್ಳವರನ್ನು, ನೇಮಿಸುತ್ತದೆ. ನಿಮ್ಮ ಜಿಲ್ಲೆಯ ಮಟ್ಟಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಪಾಲಕರು ನಿಜಕ್ಕೂ ಬೇಕೇ, ಬೇಕಿದ್ದರೆ ಯಾವ ಯಾವ ವಿಷಯಗಳಿಗೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸುವುದರಿಂದ, ನಿಮ್ಮ ಮಗ ಸ್ವತಃ ಮಾಡಬಲ್ಲ ಕೆಲಸಗಳನ್ನೂ ಮರೆಯದೆ ತಿಳಿಸಿ. ನಮ್ಮಲ್ಲಿ ಅರ್ಜಿ ಬರೆಯುವವರು ಮಕ್ಕಳಿಗೆ ಏನೂ ಬಾರದು ಎಂದೇ ಬರೆದುಬಿಡುತ್ತಾರೆ, ಅದು ಸರಿಯಲ್ಲ.

ಇನ್ನು ಸರ್ಕಾರದ ಸೇವೆಗಳ ವಿಷಯ. ಕರಾವಳಿಯಲ್ಲಿ ವಿಶೇಷ ಶಾಲೆಗಳನ್ನು ಹೆಚ್ಚಾಗಿ ನಡೆಸುತ್ತಿರುವುದು ಸೇವಾ ಸಂಸ್ಥೆಗಳೇ ಹೊರತು ಸರ್ಕಾರವಲ್ಲ. ಸರ್ಕಾರದ ಪಾಲು ಈ ಶಾಲೆಗಳಿಗೆ ಕೊಡುವ ಶಿಶು ಕೇಂದ್ರಿತ ಯೋಜನೆಯ ಅನುದಾನ, ಪ್ರಮಾಣಪತ್ರ, ಮಾಸಾಶನ ಇಂಥವುಗಳ ರೂಪದಲ್ಲಿರುತ್ತದೆ. ಮಾಸಾಶನವಿನ್ನೂ ಬರುತ್ತಿಲ್ಲವಾದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ವಯೋಮಿತಿಯಾಗಲಿ ಮುಂಚಿತ ವೈದ್ಯಕೀಯ ತಪಾಸಣೆಯಾಗಲಿ ಇಲ್ಲದ, 1 ಲಕ್ಷ ರೂಪಾಯಿಯವರೆಗಿನ, ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿಕೊಳ್ಳಿ. ಉಚಿತ ಶಿಕ್ಷಣದ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 18 ವರ್ಷದವರೆಗೆ ಮಾತ್ರ ಹೇಳುತ್ತದೆ. ಆಮೇಲಿನ ದಿನಗಳಿಗೆ ಬೇಕಾಗುವುದು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವಂಥ ಹಗಲು ಆರೈಕೆ ಕೇಂದ್ರ ಅಥವಾ ವೃತ್ತಿ ತರಬೇತಿ. ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದವರಿಗಾಗಿ ಇಂಥ ಕೇಂದ್ರಗಳು ಆದುದು ಆ ತೋಟಗಳ ಸುತ್ತಲಿನ ಕುಟುಂಬಗಳು ವರ್ಷಗಟ್ಟಲೆ ಕೇಳಿ, ಹೋರಾಡಿದ ಮೇಲೆ. ಉಳಿದ ಊರುಗಳಲ್ಲಿಯೂ ಹೆತ್ತವರು ಹಾಗೆ ಒಟ್ಟಾಗಿ ಕೇಳಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ. ವಸತಿಯ ವಿಚಾರಕ್ಕೆ ಬಂದರೆ, ಮನೆಯಲ್ಲಿ ನೋಡಿಕೊಳ್ಳುವವರು ಇರುವಷ್ಟು ಕಾಲ ಅವಸರ ಬೇಡ. ಆದರೆ ನಿಮ್ಮಿಬ್ಬರ ನಂತರ ಯಾರು ಪಾಲಕರಾಗಬೇಕು ಎಂಬುದನ್ನು ಈಗಲೇ ಆ ವ್ಯಕ್ತಿಯೊಂದಿಗೆ ಬಾಯಿಬಿಟ್ಟು ಮಾತನಾಡಿ.

ಪ್ರಶ್ನೆ: ನನ್ನ ತಂಗಿಗೆ ದೊಡ್ಡಪ್ಪನ ಮಗ ಪಾಲಕನಾಗಿದ್ದಾನೆ. ಅವಳ ಪಾಲಿನ ಬಾಡಿಗೆ ಹಣವನ್ನು ತಾನೇ ಬಳಸಿಕೊಳ್ಳುತ್ತಿದ್ದಾನೆಂಬ ಸಂಶಯವಿದೆ. ಕೇಳುವವರು ಯಾರು?
– ಓದುಗರು, ಮಂಗಳೂರು

ಉತ್ತರ: ನೀವೇ ಕೇಳಬಹುದು. ಪಾಲಕನು ನೇಮಕವಾದ ಆರು ತಿಂಗಳೊಳಗೆ ಆಕೆಯ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನೂ ತನ್ನನ್ನು ನೇಮಿಸಿದ ಸ್ಥಳೀಯ ಮಟ್ಟದ ಸಮಿತಿಗೆ ಒಪ್ಪಿಸಲೇಬೇಕು. ಆಕೆಯನ್ನು ಕಡೆಗಣಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ ಹೆತ್ತವರು, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಅವನನ್ನು ತೆಗೆದುಹಾಕುವಂತೆ ಅದೇ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಅವನ ಅಹವಾಲನ್ನೂ ಕೇಳಿಯೇ ಸಮಿತಿ ತೀರ್ಮಾನಿಸುತ್ತದೆ, ಆದ್ದರಿಂದ ಸಂಶಯವನ್ನಷ್ಟೇ ಹಿಡಿದುಕೊಂಡು ಹೋಗದೆ ಬಾಡಿಗೆ ಕರಾರು, ಪಾಸ್‌ಬುಕ್ಕಿನ ಪ್ರತಿ ಮುಂತಾದವುಗಳನ್ನು ಅರ್ಜಿಯೊಂದಿಗೆ ಲಗತ್ತಿಸಿ.